ಕೊರಿಯನ್‌ನಲ್ಲಿ ‘ಆದರೆ’, ‘ಆದರೂ’: ಕನ್ನಡದ ದಾರಿಯಲ್ಲೇ ಕಲಿಯಿರಿ

ಕೊರಿಯನ್ ಕಲಿಯುವ ನಮ್ಮವರಲ್ಲಿ ಜಾಸ್ತಿ ಜನ ಅದನ್ನು ಇಂಗ್ಲಿಷ್ ಮೂಲಕವೇ ಕಲಿಯುತ್ತಾರೆ. ಪುಸ್ತಕ ಇಂಗ್ಲಿಷ್, ಆ್ಯಪ್ ಇಂಗ್ಲಿಷ್, ಯೂಟ್ಯೂಬಿನ ಪಾಠವೂ ಇಂಗ್ಲಿಷ್. ಎಷ್ಟೋ ಪಾಠಗಳಲ್ಲಿ ಇದು ನಡೆದುಹೋಗುತ್ತದೆ. ‘ಆದರೆ’, ‘ಆದರೂ’ ಎನ್ನುವ ಪಾಠಕ್ಕೆ ಬಂದಾಗ ಮಾತ್ರ ಕೈಕೊಡುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವ ಪದಗಳು ಬಿಡಿಯಾಗಿ ನಿಲ್ಲುತ್ತವೆ. ಕೊರಿಯನ್‌ನಲ್ಲಿ ಅವು ಕ್ರಿಯಾಪದದ ಕೊನೆಗೆ ಅಂಟಿಕೊಳ್ಳುತ್ತವೆ. ನಮ್ಮಲ್ಲೂ ಹಾಗೇ ಅಲ್ವಾ? ಬಂದರೂ, ತಿಂದರೂ, ಗೊತ್ತಿದ್ದೂ. ಹಾಗಿರುವಾಗ ನಡುವೆ ಇಂಗ್ಲಿಷನ್ನು ಯಾಕೆ ತರಬೇಕು?

ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಒಂದೇ ‘ರೂ’ ಮಾಡುವ ಕೆಲಸವನ್ನು ಕೊರಿಯನ್ ಮೂರು ಪಾಲು ಮಾಡಿ ಹಂಚುತ್ತದೆ. ಕನ್ನಡ ನಿಮ್ಮನ್ನು ಬಾಗಿಲವರೆಗೆ ಸಲೀಸಾಗಿ ತಂದು ಬಿಡುತ್ತದೆ, ಒಳಗೆ ಹೋದಮೇಲೆ ಮೂರು ದಾರಿಯಲ್ಲಿ ಯಾವುದು ಎಂದು ನೀವೇ ಆರಿಸಬೇಕು.

ಮೊದಲು, ಇಲ್ಲಿನ ಕೊರಿಯನ್ ಓದುವುದು ಹೇಗೆ

ಹಂಗುಲ್ ಲಿಪಿ ಇನ್ನೂ ಬಾರದವರೂ ಓದಲಿ ಎಂದು ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಕೊರಿಯನ್‌ನಲ್ಲಿ ‘ಒ’ ಥರದ ಸ್ವರ ಎರಡಿವೆ. ಬಾಯಿ ತೆರೆದು ಹೇಳುವುದನ್ನು ಹ್ರಸ್ವ ‘ಒ’ ಎಂದೂ ತುಟಿ ದುಂಡಗೆ ಮಾಡಿ ಹೇಳುವುದನ್ನು ದೀರ್ಘ ‘ಓ’ ಎಂದೂ ಬರೆದಿದ್ದೇನೆ. ಹಾಗೆಯೇ ‘ಉ’ ಎಂದರೆ ತುಟಿ ಚಪ್ಪಟೆ, ‘ಊ’ ಎಂದರೆ ತುಟಿ ದುಂಡಗೆ. ಇಲ್ಲಿ ಹ್ರಸ್ವ–ದೀರ್ಘ ಬರೀ ಗುರುತು. ನಿಜವಾಗಿ ಎಳೆದು ಹೇಳಬೇಕಿಲ್ಲ. ಹಂಗುಲ್ ಬರುವವರು ಪ್ರತಿ ಉದಾಹರಣೆಯನ್ನೂ ಪಕ್ಕದಲ್ಲಿ ಹಂಗುಲ್‌ನಲ್ಲಿ ಬರೆದುಕೊಳ್ಳಿ. ಇದು ಉಚ್ಚಾರಕ್ಕೆ ಹತ್ತಿರದ ಬರಹ, ಕಾಗುಣಿತ ಅಲ್ಲ.

ಹಂತ 1: ಜಿಮಾನ್, ಅಂದರೆ ನೇರವಾದ ‘ಆದರೆ’

ಎಲ್ಲಕ್ಕಿಂತ ಸುಲಭವಾದದ್ದು ಇದು. ನಿಘಂಟಿನಲ್ಲಿ ಕೊರಿಯನ್ ಕ್ರಿಯಾಪದಗಳೆಲ್ಲ ‘ದಾ’ ಎಂದು ಮುಗಿಯುತ್ತವೆ. ಆ ‘ದಾ’ ತೆಗೆದು ‘ಜಿಮಾನ್’ ಹಾಕಿ, ಅಷ್ಟೇ. ಸ್ವರ ಬದಲಾಗುವುದಿಲ್ಲ, ಗುಣವಾಚಕ–ಕ್ರಿಯಾಪದ ಎಂಬ ಭೇದವೂ ಇಲ್ಲ.

ಪಿಸ್ಸಾಜಿಮಾನ್ ಮಾಶಿಸ್ಸೊಯೋ. — ದುಬಾರಿ, ಆದರೆ ರುಚಿಯಾಗಿದೆ.

ಹಿಂದೆ ನಡೆದದ್ದಾದರೆ ಭೂತಕಾಲದ ಗುರುತು ಮೊದಲು ಬರುತ್ತದೆ, ಆಮೇಲೆ ಜಿಮಾನ್.

ಛೂವೊತ್‌ಚಿಮಾನ್ ಕಾಸ್ಸೊಯೋ. — ಚಳಿ ಇತ್ತು, ಆದರೆ ಹೋದೆ.

ನಾಮಪದಕ್ಕೆ ‘ಇಜಿಮಾನ್’: ಹಾಕ್‌ಸೆಂಗಿಜಿಮಾನ್ ಎಂದರೆ ‘ವಿದ್ಯಾರ್ಥಿ, ಆದರೆ…’. ಅಪರಿಚಿತರನ್ನು ಮಾತಾಡಿಸುವಾಗ ಬಳಸುವ ‘ಶಿಲ್ಲೆಜಿಮಾನ್’ ಕೂಡ ಇದೇ ಕುಟುಂಬದ್ದು. ಮಾತಿಗೆ ಮಾತು ಜೋಡಿಸಿದರೆ ‘ಅಸಭ್ಯ ಅನಿಸಬಹುದು, ಆದರೆ…’ ಎಂದಾಗುತ್ತದೆ. ದಾರಿ ಕೇಳುವಾಗ, ಹೆಸರು ಕೇಳುವಾಗ ಇದೊಂದನ್ನು ಮೊದಲು ಹೇಳಿದರೆ ಸಾಕು, ಕೇಳುವವರ ಮುಖ ಸಡಿಲವಾಗುತ್ತದೆ.

ಒಂದು ವಾಕ್ಯ ಪೂರ್ತಿ ಮುಗಿಸಿ ಹೊಸದನ್ನು ‘ಆದರೆ’ ಎಂದು ಶುರು ಮಾಡಬೇಕಾದರೆ ‘ಹಾಜಿಮಾನ್’ ಅಥವಾ ‘ಕುರೊಛಿಮಾನ್’ ಇದೆ. ಎರಡರಲ್ಲೂ ಜಿಮಾನ್ ಕೂತಿರುವುದು ಕಾಣಿಸಿತಲ್ಲ?

ಹಂತ 2: ನುನ್, ನಮ್ಮ ‘ಏನೋ’

ಎರಡು ವಸ್ತುಗಳನ್ನು ಎದುರುಬದುರು ಇಡುವಾಗ ಜಿಮಾನ್ ಒಂದೇ ಇದ್ದರೆ ವಾಕ್ಯ ಕುಂಟುತ್ತದೆ. ಎರಡೂ ಕಡೆಯ ನಾಮಪದಕ್ಕೆ ‘ನುನ್’ ಸೇರಬೇಕು. ಪದ ವ್ಯಂಜನದಲ್ಲಿ ಮುಗಿದರೆ ಅದೇ ‘ಉನ್’ ಆಗುತ್ತದೆ.

ಖೊಫಿನುನ್ ಮಾಶಿಜಿಮಾನ್ ಛಾನುನ್ ಆನ್ ಮಾಶೊಯೋ. — ಕಾಫಿಯೇನೋ ಕುಡಿಯುತ್ತೇನೆ, ಟೀ ಮಾತ್ರ ಕುಡಿಯುವುದಿಲ್ಲ.

ಈ ‘ನುನ್’ ಅನ್ನು ವಾಕ್ಯದ ವಿಷಯ ಸೂಚಿಸುವ ಪ್ರತ್ಯಯ ಎಂದು ಮೊದಲ ವಾರದಲ್ಲೇ ಕಲಿಸುತ್ತಾರೆ. ಅದಕ್ಕೆ ಹೋಲಿಸುವ ಕೆಲಸವೂ ಇದೆ ಎನ್ನುವುದು ತುಂಬಾ ತಡವಾಗಿ ಗೊತ್ತಾಗುತ್ತದೆ. ಯಾರೋ ಮಾಡಿದ ಅಡುಗೆ ತಿಂದು ‘ಮಾಸುನ್ ಇಸ್ಸೊಯೋ’ ಎಂದುಬಿಟ್ಟಿರಿ ಎನ್ನಿ. ‘ರುಚಿಯೇನೋ ಇದೆ’ ಎಂದ ಹಾಗಾಯಿತು. ಮಾಡಿದವರು ಮುಂದಿನ ಮಾತಿಗಾಗಿ ಕಾಯುತ್ತಾರೆ: ಹಾಗಾದರೆ ಏನು ಕಮ್ಮಿ? ಸುಮ್ನೆ ಹೊಗಳಬೇಕಿದ್ದರೆ ಆ ‘ಉನ್’ ಬೇಡ, ‘ಮಾಶಿಸ್ಸೊಯೋ’ ಸಾಕು.

ಇದೇ ನುನ್ ಕ್ರಿಯಾಪದದ ಜೊತೆಗೂ ಬರುತ್ತದೆ, ಅದರ ರಚನೆ ಕನ್ನಡಿಗರಿಗೆ ಉಚಿತವಾಗಿ ಸಿಕ್ಕಿದ ಹಾಗೆ. ‘ಹೋಗೋದೇನೋ ಹೋದೆ, ಆದರೆ ಸಿಗಲಿಲ್ಲ’ ಎನ್ನುತ್ತೇವೆ. ಮೊದಲು ‘ಹೋಗೋದು’, ಅದಕ್ಕೆ ‘ಏನೋ’, ಆಮೇಲೆ ಅದೇ ಕ್ರಿಯಾಪದ ಇನ್ನೊಮ್ಮೆ. ಕೊರಿಯನ್‌ನಲ್ಲೂ ಹಾಗೇ. ‘ಕಾಗಿ’ ಎಂದರೆ ಹೋಗೋದು, ಅದಕ್ಕೆ ‘ನುನ್’, ಆಮೇಲೆ ಅದೇ ಕ್ರಿಯಾಪದ.

ಕಾಗಿನುನ್ ಕಾತ್‌ಚಿಮಾನ್ ಮೋನ್ ಮಾನ್ನಾಸ್ಸೊಯೋ. — ಹೋಗೋದೇನೋ ಹೋದೆ, ಆದರೆ ಭೇಟಿ ಆಗಲಿಲ್ಲ.

ಎರಡನೇ ಸಲ ಅದೇ ಕ್ರಿಯಾಪದ ಹೇಳುವ ಬದಲು ‘ಮಾಡು’ ಎಂಬ ಅರ್ಥದ ‘ಹಾದಾ’ ಹಾಕಬಹುದು. ‘ಗಿನುನ್’ ಮಾತಿನಲ್ಲಿ ‘ಗಿನ್’ ಎಂದು ಮೊಟಕಾಗುತ್ತದೆ. ಅಂಗಡಿಯಲ್ಲಿ ಬೆಲೆ ನೋಡಿ ಗೊಣಗುವವರ ಬಾಯಲ್ಲಿ ‘ಪಿಸ್ಸಾಗಿನ್ ಹಾನ್‌ದೆ…’ ಎಂದು ಕೇಳಿಸುತ್ತದೆ. ದುಬಾರಿಯೇನೋ ಹೌದು, ಆದರೆ… ಎಂದು. ಎದುರಿನವರ ಮಾತನ್ನು ಅರ್ಧ ಒಪ್ಪಿ ಅರ್ಧ ಬಿಡಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಹಂತ 3: ದೋ, ನಮ್ಮ ‘ರೂ’

ಈಗ ಪಾಠದ ಹೃದಯಕ್ಕೆ ಬಂದೆವು. ‘ನಾದೋ’ ಎಂದರೆ ‘ನಾನೂ’. ಅಂದರೆ ‘ದೋ’ ನಮ್ಮ ‘ಊ’. ಕನ್ನಡದಲ್ಲಿ ‘ಬಂದರೆ’ ಎಂಬುದಕ್ಕೆ ಈ ‘ಊ’ ಸೇರಿಸಿ ‘ಬಂದರೂ’ ಮಾಡಿಕೊಂಡಿದ್ದೇವೆ. ಕೊರಿಯನ್ನರು ಕ್ರಿಯಾಪದದ ಜೋಡಣೆಯ ರೂಪಕ್ಕೆ ‘ದೋ’ ಸೇರಿಸಿ ಅದೇ ಅರ್ಥ ಪಡೆಯುತ್ತಾರೆ.

ಮಾಡಿಕೊಳ್ಳುವುದು ಹೇಗೆ? ಸ್ವರಗಳ ನಿಯಮ ನೆನಪಿಡಲು ಒದ್ದಾಡಬೇಡಿ. ‘ಯೋ’ ಎಂದು ಮುಗಿಯುವ ಮರ್ಯಾದೆಯ ವರ್ತಮಾನ ರೂಪ ನಿಮಗೆ ಈಗಾಗಲೇ ಬರುತ್ತದೆ. ಅದರ ‘ಯೋ’ ತೆಗೆದು ‘ದೋ’ ಹಾಕಿ.

ಕಾಯೋ — ಕಾದೋ (ಹೋದರೂ)
ಮೊಗೊಯೋ — ಮೊಗೊದೋ (ತಿಂದರೂ)
ಹೆಯೋ — ಹೆದೋ (ಮಾಡಿದರೂ)
ಛೂವೊಯೋ — ಛೂವೊದೋ (ಚಳಿಯಾದರೂ)
ಪಾಪ್ಪಾಯೋ — ಪಾಪ್ಪಾದೋ (ಬಿಡುವಿಲ್ಲದಿದ್ದರೂ)

ನಾಮಪದಕ್ಕೆ ಮಾತ್ರ ಈ ಉಪಾಯ ನಡೆಯದು. ಅಲ್ಲಿ ‘ಇರಾದೋ’ ಅಥವಾ ‘ಇಒದೋ’ ಎನ್ನಬೇಕು.

ಇದು ಕೈಗೆ ಬಂದರೆ ಒಂದು ದೊಡ್ಡ ಗಂಟೇ ಬಿಚ್ಚಿಕೊಳ್ಳುತ್ತದೆ. ಪ್ರಶ್ನೆಯ ಪದದ ಜೊತೆ ನಾವು ‘ರೂ’ ಬಳಸುವ ಜಾಗದಲ್ಲೆಲ್ಲ ಅವರು ‘ದೋ’ ಬಳಸುತ್ತಾರೆ. ‘ನೂಗಾ ವಾದೋ’, ಯಾರು ಬಂದರೂ. ‘ಒನ್‌ಜೆ ಕಾದೋ’, ಯಾವಾಗ ಹೋದರೂ. ‘ಮ್ವೊಲ್ ಮೊಗೊದೋ’, ಏನು ತಿಂದರೂ. ‘ಎಷ್ಟೇ’ ಎನ್ನುವುದಕ್ಕೆ ‘ಆಮೂರಿ’: ‘ಆಮೂರಿ ಪಾಪ್ಪಾದೋ’, ಎಷ್ಟೇ ಬಿಜಿ ಇದ್ದರೂ. ಆಮೂರಿ ಬಂತೆಂದರೆ ವಾಕ್ಯದಲ್ಲಿ ಮುಂದೆ ‘ದೋ’ ಬರಲೇಬೇಕು ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. ‘ಆಮೂರಿ… ಜಿಮಾನ್’ ಎಂದರೆ ‘ಎಷ್ಟೇ ಬಿಜಿ, ಆದರೆ ಬಂದೆ’ ಎಂದ ಹಾಗೆ, ಕಿವಿಗೇ ಒಗ್ಗುವುದಿಲ್ಲ.

‘ಪರವಾಗಿಲ್ಲ’ಕ್ಕೂ ಇದೇ ದಾರಿ. ‘ನುಜೊದೋ ಕ್ವೆನ್‌ಛಾನಾಯೋ’ ಎಂದರೆ ‘ತಡವಾದರೂ ಪರವಾಗಿಲ್ಲ’. ‘ಆನ್ ವಾದೋ ದ್ವೆಯೋ’ ಎಂದರೆ ‘ಬರದಿದ್ದರೂ ನಡೆಯುತ್ತೆ’. ಅನುಮತಿ ಕೇಳುವುದೂ ಹೀಗೇ: ‘ಸಾಜಿನ್ ಚ್ಚಿಗೊದೋ ದ್ವೆಯೋ?’, ಫೋಟೊ ತೆಗೆಯಬಹುದಾ? ಸೋಲ್‌ನ ಅರಮನೆಗಳಿಗೋ ಮ್ಯೂಸಿಯಂಗೋ ಹೋಗುವವರು ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಬಹುದು. ‘ಇಸ್ಸೊದೋ ಕುಮಾನ್ ಒಪ್‌ಸೊದೋ ಕುಮಾನ್’ ಎಂಬ ಬಳಕೆಯ ಮಾತೂ ಇದೆ. ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಇನ್ನು, ‘ಕಾಫಿಯಾದರೂ ಕುಡಿಯುತ್ತೀರಾ?’ ಎಂದು ಕೇಳುತ್ತೇವಲ್ಲ. ಊಟ ಬೇಡವೆಂದವರಿಗೆ ಕೊನೆಗೆ ಕಾಫಿಯಾದರೂ. ಅದಕ್ಕೂ ‘ರಾದೋ’ ಇದೆ: ‘ಖೊಫಿರಾದೋ ಮಾಶಿಲ್ಲೆಯೋ?’. ಎರಡೂ ಭಾಷೆ ಒಂದೇ ಅಡುಗೆಮನೆಯಲ್ಲಿ ಕೂತು ಇದನ್ನು ಮಾತಾಡಿಕೊಂಡ ಹಾಗಿದೆ.

ಗಾದೆಯೊಂದು: ‘ಹಾನುರಿ ಮೂನೊಜೊದೋ ಸೋಸಾನಾಲ್ ಕೂಮೊಂಗಿ ಇತ್ತಾ’. ಆಕಾಶವೇ ಕಳಚಿ ಬಿದ್ದರೂ ಪಾರಾಗಲು ಒಂದು ತೂತು ಇದ್ದೇ ಇರುತ್ತದೆ. ನಮ್ಮಲ್ಲೂ ಆಕಾಶ ಆಗಾಗ ಕಳಚಿ ಬೀಳುತ್ತದೆ, ಆದರೆ ಜಾಸ್ತಿ ‘ನಾನಂತೂ ಬರಲ್ಲ’ ಎಂದು ಹಟ ಹಿಡಿಯುವಾಗ.

ಈಗ ಕನ್ನಡಿಗರೇ ಬೀಳುವ ಹಳ್ಳ. ‘ಬಂದರೂ’ ಎನ್ನುವುದರಲ್ಲಿ ‘ಬಂದ’ ಇದೆ. ನೋಡಲು ಭೂತಕಾಲದ ಹಾಗೆ. ಹಾಗಾಗಿ ‘ಮಳೆ ಬಂದರೂ ಹೋಗುತ್ತೇನೆ’ ಎನ್ನುವಾಗ ಕೊರಿಯನ್‌ನಲ್ಲೂ ಭೂತಕಾಲದ ಗುರುತು ಹಾಕುವ ಆಸೆಯಾಗುತ್ತದೆ, ‘ಪಿಗಾ ವಾಸ್ಸೊದೋ’ ಎಂದು. ಅದು ತಪ್ಪು. ನಾಳೆಯ ಮಳೆಗೆ ಭೂತಕಾಲ ಬೇಡ.

ಪಿಗಾ ವಾದೋ ಕಾಲ್ ಕ್ಕೊಯೆಯೋ. — ಮಳೆ ಬಂದರೂ ಹೋಗುತ್ತೇನೆ.

‘ವಾಸ್ಸೊದೋ’ ಬೇಕಾಗುವುದು ನಮ್ಮ ‘ಬಂದಿದ್ದರೂ’ ಎನ್ನುವ ಜಾಗದಲ್ಲಿ.

ಹಂತ 4: ಒಂದು ‘ರೂ’, ಮೂರು ಕವಲು

‘ಔಷಧಿ ತಗೊಂಡರೂ ವಾಸಿಯಾಗಲ್ಲ’ ಎಂಬ ಮಾತು ತೆಗೆದುಕೊಳ್ಳಿ. ಔಷಧಿ ತಗೊಂಡಾಗಿದೆಯಾ? ಇನ್ನೂ ತಗೊಂಡಿಲ್ಲವಾ? ತಗೊಳ್ಳುತ್ತಲೇ ಇದ್ದಾರಾ? ಕನ್ನಡದಲ್ಲಿ ಅದು ಸಂದರ್ಭದಿಂದ ಗೊತ್ತಾಗುತ್ತದೆ, ‘ರೂ’ ತಲೆಕೆಡಿಸಿಕೊಳ್ಳುವುದಿಲ್ಲ. ಕೊರಿಯನ್ ತಲೆಕೆಡಿಸಿಕೊಳ್ಳುತ್ತದೆ.

ನಿಜವಾಗಿಯೂ ನಡೆದಿದೆ, ಫಲ ಮಾತ್ರ ನಿರೀಕ್ಷೆಯಂತೆ ಬರಲಿಲ್ಲ ಎಂದಾದರೆ ‘ನುನ್‌ದೆದೋ’.

ಯಾಗುಲ್ ಮೊಗೊನ್ನುನ್‌ದೆದೋ ಆನ್ ನಾಆಯೋ. — ಔಷಧಿ ತಗೊಂಡಿದ್ದೇನೆ, ಆದರೂ ವಾಸಿಯಾಗುತ್ತಿಲ್ಲ.

ಇದರಲ್ಲಿ ಸ್ವಲ್ಪ ಬೇಸರ, ಸ್ವಲ್ಪ ಅಚ್ಚರಿ ಬೆರೆತಿರುತ್ತದೆ. ಆಗಿಹೋದದ್ದನ್ನು, ಆಗುತ್ತಿರುವುದನ್ನು ಹೇಳುವ ರೂಪ ಆದ್ದರಿಂದ ಇದರ ಮುಂದೆ ‘ಮಾಡಿ’, ‘ಹೋಗೋಣ’ ಎಂಬ ಆಜ್ಞೆ, ಕರೆಗಳು ಬರುವುದಿಲ್ಲ. ‘ಬಿಜಿ ಇದ್ದರೂ ಖಂಡಿತ ಬನ್ನಿ’ ಎನ್ನಲು ಬೇಕಾದದ್ದು ಬರೀ ‘ದೋ’: ‘ಪಾಪ್ಪಾದೋ ಕ್ಕೋಕ್ ಓಸೆಯೋ’.

ಇನ್ನೂ ನಡೆದಿಲ್ಲ, ನಡೆಯುವುದೂ ಅನುಮಾನ, ಆದರೆ ನಡೆದರೂ ನನ್ನ ಮಾತು ಬದಲಾಗದು ಎಂದಾದರೆ ‘ದೊರಾದೋ’. ಇದು ಜಿಮಾನ್ ಹಾಗೆ ‘ದಾ’ ತೆಗೆದ ಜಾಗಕ್ಕೇ ಅಂಟುತ್ತದೆ.

ಪಿಗಾ ಓದೊರಾದೋ ಕಾಲ್ ಕ್ಕೊಯೆಯೋ. — ಒಂದು ವೇಳೆ ಮಳೆಯೇ ಬಂದರೂ ಹೋಗುತ್ತೇನೆ.

ಅದಕ್ಕೆ ಭೂತಕಾಲ ಸೇರಿಸಿದರೆ ನಡೆಯದೇ ಹೋದದ್ದನ್ನು ಊಹಿಸುವ ಮಾತಾಗುತ್ತದೆ. ‘ಇಲ್‌ಚ್ಚಿಕ್ ಛೂಲ್‌ಬಾಲ್‌ಹೆತ್‌ದೊರಾದೋ ನುಜೊಸ್ಸುಲ್ ಕ್ಕೊಯೆಯೋ’, ಬೇಗ ಹೊರಟಿದ್ದರೂ ತಡವಾಗುತ್ತಿತ್ತು.

ಇವೆರಡರ ನಡುವೆ ನಿಲ್ಲುವುದು ಹಂತ 3ರ ಬರೀ ‘ದೋ’. ನಿಜಕ್ಕೂ ಆಗುತ್ತದೆ, ಊಹೆಗೂ ಆಗುತ್ತದೆ. ‘ಯಾಗುಲ್ ಮೊಗೊದೋ ಆನ್ ನಾಆಯೋ’ ಎಂದರೆ ‘ಔಷಧಿ ತಗೊಂಡರೂ ಅಷ್ಟೇ’ ಎಂಬ ಸಾಮಾನ್ಯ ಮಾತು.

ಆರಿಸುವಾಗ ಕನ್ನಡದಲ್ಲೇ ಎರಡು ಪರೀಕ್ಷೆ ಮಾಡಿ. ನಿಮ್ಮ ವಾಕ್ಯವನ್ನು ‘ಹೀಗಾಯಿತು, ಆದರೂ…’ ಎಂದು ಒಡೆದು ಹೇಳಿದರೆ ಅರ್ಥ ಕೆಡುವುದಿಲ್ಲವಾ? ನುನ್‌ದೆದೋ ಹಾಕಿ. ವಾಕ್ಯದ ಶುರುವಿಗೆ ‘ಒಂದು ವೇಳೆ’ ಸೇರಿಸಿದರೆ ಚೆನ್ನಾಗಿ ಕೂರುತ್ತದಾ? ದೊರಾದೋ ಹಾಕಿ. ಎರಡೂ ಅನುಮಾನ ಎನಿಸಿದರೆ ಬರೀ ‘ದೋ’ ಹಾಕಿ ಮುಂದೆ ಹೋಗಿ, ಹೆಚ್ಚಿನ ಸಲ ಬಚಾವಾಗುತ್ತೀರಿ.

ಹಂತ 5: ನುನ್‌ದೆ, ‘ಆದರೆ’ ಎನಿಸಿಕೊಂಡರೂ ‘ಆದರೆ’ ಅಲ್ಲದ್ದು

ಕೊರಿಯನ್ನರ ಬಾಯಲ್ಲಿ ಅತಿ ಹೆಚ್ಚು ಓಡಾಡುವುದು ಇದೇ. ಕೆ-ಡ್ರಾಮಾ ಯಾವುದಾದರೂ ಹಾಕಿ ಕಿವಿಗೊಟ್ಟು ಕೇಳಿ, ‘ನುನ್‌ದೆ’ ಎಷ್ಟು ಸಲ ಬರುತ್ತದೆಂದು ಎಣಿಸುವುದನ್ನೇ ಬಿಟ್ಟುಬಿಡುತ್ತೀರಿ.

ಕ್ರಿಯಾಪದಕ್ಕೆ ‘ನುನ್‌ದೆ’: ಕಾನುನ್‌ದೆ, ಮೊಂಗ್‌ನುನ್‌ದೆ. ಗುಣವಾಚಕಕ್ಕೆ ‘ಉನ್‌ದೆ’ ಅಥವಾ ‘ನ್‌ದೆ’: ಚೋಉನ್‌ದೆ, ಪಿಸ್ಸಾನ್‌ದೆ, ಛೂಉನ್‌ದೆ. ನಾಮಪದಕ್ಕೆ ‘ಇನ್‌ದೆ’. ಇದೆ, ಇಲ್ಲ ಎಂಬ ಎರಡು ಪದಗಳು ಕ್ರಿಯಾಪದದ ಗುಂಪಿಗೇ ಸೇರುತ್ತವೆ: ಇನ್ನುನ್‌ದೆ, ಒಮ್‌ನುನ್‌ದೆ. ಭೂತಕಾಲದಲ್ಲಿ ಎಲ್ಲಕ್ಕೂ ‘ನುನ್‌ದೆ’ ಒಂದೇ.

‘ಹ್ಯೊಂಗುನ್ ಖಿಗಾ ಖುನ್‌ದೆ ತೋಂಗ್‌ಸೆಂಗುನ್ ಚಾಗಾಯೋ’, ಅಣ್ಣ ಎತ್ತರ, ತಮ್ಮ ಗಿಡ್ಡ. ಇಲ್ಲಿ ಅದು ಮೆತ್ತಗಿನ ‘ಆದರೆ’. ಇದನ್ನಷ್ಟೇ ಕಲಿತು ನಿಲ್ಲಿಸುವವರು ಮುಂದಿನ ವಾಕ್ಯ ಕೇಳಿ ಗಲಿಬಿಲಿಯಾಗುತ್ತಾರೆ.

ಪಿಗಾ ಓನುನ್‌ದೆ ಊಸಾನ್ ಇಸ್ಸೊಯೋ? — ಮಳೆ ಬರುತ್ತಿದೆ, ಛತ್ರಿ ಇದೆಯಾ?

ಇಲ್ಲಿ ವಿರೋಧ ಏನೂ ಇಲ್ಲ. ಮೊದಲು ಸಂದರ್ಭ ಹಾಸಿ, ಆಮೇಲೆ ಕೇಳಬೇಕಾದ್ದನ್ನು ಕೇಳಿದ್ದಾರೆ. ಕನ್ನಡದಲ್ಲಿ ನಾವು ಇಂಥ ಕಡೆ ಒಂದು ಅಲ್ಪವಿರಾಮದಲ್ಲಿ, ದನಿಯ ಏರಿಳಿತದಲ್ಲಿ ಕೆಲಸ ಮುಗಿಸುತ್ತೇವೆ. ಕೊರಿಯನ್‌ಗೆ ಅಲ್ಲೊಂದು ಪ್ರತ್ಯಯ ಬೇಕು. ಅಲ್ಲಿ ಜಿಮಾನ್ ಹಾಕಿದರೆ ‘ಮಳೆ ಬರುತ್ತಿದೆ, ಆದರೆ ಛತ್ರಿ ಇದೆಯಾ?’ ಎಂಬ ವಿಚಿತ್ರ ಪ್ರಶ್ನೆಯಾಗುತ್ತದೆ. ಎರಡನೇ ಭಾಗದಲ್ಲಿ ಪ್ರಶ್ನೆ, ಸಲಹೆ, ಕೋರಿಕೆ ಇದ್ದು ನಡುವೆ ನಿಜವಾದ ವಿರೋಧ ಇಲ್ಲದಿದ್ದರೆ ಯೋಚನೆ ಮಾಡದೆ ನುನ್‌ದೆ ಹಾಕಿ.

ಇನ್ನೊಂದು ಬಳಕೆ ವಾಕ್ಯದ ಕೊನೆಯಲ್ಲಿ, ‘ನುನ್‌ದೆಯೋ’ ಎಂದು. ಇದಕ್ಕೆ ಇಂಗ್ಲಿಷ್ ಪುಸ್ತಕಗಳು ಅರ್ಧ ಪುಟ ವಿವರಣೆ ಕೊಡುತ್ತವೆ. ನಮಗೆ ಒಂದು ‘ಅಲ್ಲಾ’ ಸಾಕು. ‘ಒಮ್‌ನುನ್‌ದೆಯೋ’, ಇಲ್ಲವಲ್ಲಾ. ‘ಮಾಶಿನ್ನುನ್‌ದೆಯೋ!’, ರುಚಿಯಾಗಿದೆಯಲ್ಲಾ! ‘ಚಿಗುಮ್ ಪಾಪ್ಪುನ್‌ದೆಯೋ…’, ಈಗ ಸ್ವಲ್ಪ ಕೆಲಸ ಇದೆಯಲ್ಲಾ… ಮೂರನೆಯದರಲ್ಲಿ ‘ಬರಕ್ಕಾಗಲ್ಲ’ ಎಂಬ ಮಾತು ಬಾಯಿಗೆ ಬರಲೇ ಇಲ್ಲ, ಆದರೆ ಕೇಳಿದವರಿಗೆ ತಲುಪಿತು. ಕೊರಿಯಾದಲ್ಲಿ ಕೆಲಸ ಮಾಡುವವರಿಗೆ, ಓದುವವರಿಗೆ ಈ ಅರ್ಧ ಬಿಟ್ಟ ‘ಇಲ್ಲ’ ಗುರುತಿಸಲು ಬರಬೇಕು. ನೇರವಾಗಿ ‘ಆಗಲ್ಲ’ ಎಂದು ಕೇಳಿಸಲಿ ಎಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ.

ವಾಕ್ಯದ ಶುರುವಿಗೆ ಬರುವಾಗ ಇದು ‘ಕುರೊನ್‌ದೆ’, ಮಾತಿನಲ್ಲಿ ‘ಕುನ್‌ದೆ’. ‘ಆದರೆ’ಗೂ ಆಗುತ್ತದೆ, ವಿಷಯ ಬದಲಿಸುವ ‘ಅಂದಹಾಗೆ’ಗೂ ಆಗುತ್ತದೆ. ‘ಆದರೂ’ ಎಂದು ಶುರು ಮಾಡಲು ‘ಕುರೆದೋ’ ಬೇಕು. ಅದರಲ್ಲೂ ಕೊನೆಗೆ ನಮ್ಮ ಹಳೆಯ ‘ದೋ’ ಇದೆ.

ಹಂತ 6: ಉಳಿದವು, ಬೇಗ ಬೇಗ

ಒಬ್ಬರೇ ಎರಡು ತದ್ವಿರುದ್ಧ ಕೆಲಸ ಒಟ್ಟಿಗೆ ಮಾಡಿದರೆ ‘ಮ್ಯೊನ್‌ಸೊದೋ’. ‘ಆಲ್‌ಮ್ಯೊನ್‌ಸೊದೋ ಮೋರುನುನ್ ಛೊಖೆಯೋ’, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಆಡುತ್ತಾರೆ. ಒಂದು ಮುಗಿದಮೇಲೆ ಇನ್ನೊಂದಾದರೆ ‘ಗೋದೋ’: ‘ತುತ್‌ಕ್ಕೋದೋ’, ಕೇಳಿಯೂ. ಎರಡಕ್ಕೂ ಕರ್ತೃ ಒಬ್ಬರೇ ಇರಬೇಕು ಎಂಬುದು ನೆನಪಿರಲಿ.

ಬರಹದ ಭಾಷೆ ಬೇರೆ. ‘ಕುರೊನಾ’ ಎಂಬ ‘ಆದರೆ’ ಪತ್ರಿಕೆಯಲ್ಲಿ, ಪ್ರಬಂಧದಲ್ಲಿ ಸರಿ, ಗೆಳೆಯರ ಜೊತೆ ಬೇಡ. ‘ಎದೋ ಪೂಲ್‌ಗೂಹಾಗೋ’ ಎಂಬುದು ವಾರ್ತೆ ಓದುವವರ ‘ಹಾಗಿದ್ದಾಗ್ಯೂ’. ‘ಪಾನ್‌ಮ್ಯೊನೆ’ ಎಂದರೆ ‘ಇನ್ನೊಂದೆಡೆ’. ಕೊರಿಯನ್ ಎಷ್ಟು ಬರುತ್ತದೆಂದು ಅಳೆಯುವ ‘ಟೋಪಿಕ್’ ಪರೀಕ್ಷೆಯಲ್ಲಿ ‘ಟೋಪಿಕ್ 2’ ಬರೆಯುವವರಿಗೆ ಇದು ಚಿನ್ನ. ಬರವಣಿಗೆಯ ನಾಲ್ಕು ಪ್ರಶ್ನೆಗಳಲ್ಲಿ 53ನೆಯದು ಅಂಕಿಅಂಶ ನೋಡಿ 200ರಿಂದ 300 ಅಕ್ಷರಗಳಲ್ಲಿ ವಿವರಿಸುವಂಥದ್ದು. ಒಂದು ಏರಿತು, ಇನ್ನೊಂದು ಇಳಿಯಿತು ಎನ್ನಲು ಪಾನ್‌ಮ್ಯೊನೆ ಅಲ್ಲಿ ಸರಿಯಾಗಿ ಕೂರುತ್ತದೆ. 600ರಿಂದ 700 ಅಕ್ಷರದ 54ನೇ ಪ್ರಶ್ನೆಯಲ್ಲಿ ‘ಕುನ್‌ದೆ’ ಮಾತ್ರ ಬರೆಯಬೇಡಿ. ಅದು ಪ್ರಬಂಧದ ನಡುವೆ ‘ಆದ್ರೆ ಗುರು’ ಎಂದು ಬರೆದ ಹಾಗಿರುತ್ತದೆ.

ಹಂತ 7: ಕೈಯಾರೆ ಮಾಡಿ ನೋಡಿ

ಕೆಳಗಿನ ಐದು ವಾಕ್ಯಗಳಿಗೆ ಮೊದಲು ಪ್ರತ್ಯಯ ಯಾವುದೆಂದು ಮಾತ್ರ ನಿರ್ಧರಿಸಿ. ಪದಗಳನ್ನು ಆಮೇಲೆ ಹುಡುಕಿ.

1. ಎಷ್ಟೇ ದುಬಾರಿಯಾದರೂ ಕೊಳ್ಳುತ್ತೇನೆ.
2. ಅಲಾರಂ ಹೊಡೆದರೂ ಏಳಲಿಲ್ಲ.
3. ನಾಳೆ ರಜೆ ಇದೆ, ಸಿನಿಮಾ ನೋಡೋಣವಾ?
4. ಕಾಫಿ ಇದೆ, ಟೀ ಇಲ್ಲ.
5. ಓದೋದೇನೋ ಓದಿದೆ, ಅರ್ಥ ಆಗಲಿಲ್ಲ.

ಮೊದಲನೆಯದರಲ್ಲಿ ‘ಎಷ್ಟೇ’ ಇದೆ, ಹಾಗಾಗಿ ಆಮೂರಿ ಮತ್ತು ದೋ: ‘ಆಮೂರಿ ಪಿಸ್ಸಾದೋ ಸಾಲ್ ಕ್ಕೊಯೆಯೋ’. ಎರಡನೆಯದರಲ್ಲಿ ಅಲಾರಂ ನಿಜವಾಗಿ ಹೊಡೆದಿದೆ: ‘ಆಲ್ಲಾಮಿ ಊಲ್ಲ್ಯೊನ್ನುನ್‌ದೆದೋ ಮೋನ್ನಿರೊನಾಸ್ಸೊಯೋ’. ಮೂರನೆಯದು ಬರೀ ಹಿನ್ನೆಲೆ: ‘ನೆಇಲ್ ಶ್ವಿನುನ್‌ದೆ ಯೊಂಗ್‌ಹ್ವಾ ಪೋಲ್‌ಕ್ಕಾಯೋ?’. ನಾಲ್ಕನೆಯದಕ್ಕೆ ಎರಡೂ ಕಡೆ ನುನ್ ಮರೆಯಬಾರದು: ‘ಖೊಫಿನುನ್ ಇತ್‌ಚಿಮಾನ್ ಛಾನುನ್ ಒಪ್‌ಸೊಯೋ’. ಐದನೆಯದು: ‘ಇಲ್‌ಕ್ಕಿನುನ್ ಇಲ್ಗೊನ್ನುನ್‌ದೆ ಇಹೆಗಾ ಆನ್ ದ್ವೆಸ್ಸೊಯೋ’. ಇಲ್ಲಿ ನುನ್‌ದೆ ಬದಲು ಜಿಮಾನ್ ಹಾಕಿ ‘ಇಲ್ಗೊತ್‌ಚಿಮಾನ್’ ಎಂದಿದ್ದರೂ ಸರಿಯೇ. ಬರೆಯುವಾಗ ಜಿಮಾನ್, ಮಾತಾಡುವಾಗ ನುನ್‌ದೆ ಎಂದು ಇಟ್ಟುಕೊಂಡರೆ ಸಾಕು.